ಇಟಗಿ ಗುಡಿಯ ಕತ್ತಲು, ಡಾರ್ಕ್‌ಟೇಬಲ್ ಮತ್ತು ನನ್ನ ಹಳೆಯ ನಿಕಾನ್

ಕೊಪ್ಪಳದಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ರಾತ್ರಿ ಒಂಬತ್ತೂವರೆಗೆ ಬಾಗಿಲು ಹಾಕಿ, ಮನೆಗೆ ಬಂದು ಊಟ ಮುಗಿಸಿ, ಬಿಲ್ಲಿಂಗ್‌ಗೆ ಅಂತ ತಗೊಂಡಿದ್ದ ಲ್ಯಾಪ್‌ಟಾಪನ್ನೇ ತೆರೆದು ಕೂರುತ್ತೇನೆ. ಅದರಲ್ಲಿ ಎರಡು ವರ್ಷದಿಂದ ಡಾರ್ಕ್‌ಟೇಬಲ್ ಅನ್ನೋ ಫೋಟೋ ಸಾಫ್ಟ್‌ವೇರ್ ಓಡುತ್ತಿದೆ. ದುಡ್ಡು ಕೊಟ್ಟು ತಗೊಳ್ಳೋದಲ್ಲ, ತಿಂಗಳ ಬಾಡಿಗೆಯೂ ಇಲ್ಲ. ಸುಮ್ನೆ ಇಳಿಸಿಕೊಂಡು ಬಳಸಬಹುದು. ಆದರೆ ನಾನು ಇದನ್ನು ಇಟ್ಟುಕೊಂಡಿರೋದು ಪುಕ್ಕಟೆ ಅಂತ ಅಲ್ಲ. ಇಟಗಿಯ ಮಹಾದೇವ ಗುಡಿಯ ಒಳಗಿನ ಕಂಬ ನನ್ನ ಕಣ್ಣಿಗೆ ಹೇಗೆ ಕಂಡಿತ್ತೋ ಹಾಗೆ ಕಾಗದದ ಮೇಲೆ ತಂದುಕೊಟ್ಟಿದ್ದು ಇದು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಕ್ಯಾಮೆರಾ ಬಗ್ಗೆ ಎರಡು ಮಾತು. ನನ್ನದು ನಿಕಾನ್ ಡಿ7200. 2015ರಲ್ಲಿ ಬಂದ ಮಾಡೆಲ್. ಹುಬ್ಬಳ್ಳಿಯಲ್ಲಿ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ತಗೊಂಡೆ, ಬರೀ ಬಾಡಿ, 32 ಸಾವಿರಕ್ಕೆ. ಆಗ ಶಟರ್ ಕೌಂಟ್, ಅಂದ್ರೆ ಅದುವರೆಗೆ ತೆಗೆದ ಫೋಟೋಗಳ ಲೆಕ್ಕ, 41 ಸಾವಿರ ಇತ್ತು. ಇದರ ಶಟರನ್ನು ಒಂದೂವರೆ ಲಕ್ಷ ಸಲ ಬಡಿಸಿ ಪರೀಕ್ಷೆ ಮಾಡಿದ್ದೇವೆ ಅಂತ ನಿಕಾನ್ ಹೇಳುತ್ತದೆ. ಹಾಗಾಗಿ ಧೈರ್ಯ ಮಾಡಿದೆ. 24 ಮೆಗಾಪಿಕ್ಸೆಲ್, ಎರಡು ಕಾರ್ಡ್ ಹಾಕಲು ಜಾಗ, ಒಂದು ಚಾರ್ಜಿಗೆ ದಿನಪೂರ್ತಿ ಬರುವ ಬ್ಯಾಟರಿ. ಬಾಡಿಯ ಒಳಗೇ ಫೋಕಸ್ ಮೋಟಾರ್ ಇರೋದರಿಂದ ಹಳೆಯ ಡಿ ಸರಣಿಯ ಲೆನ್ಸ್‌ಗಳೂ ಆಟೋಫೋಕಸ್ ಆಗುತ್ತವೆ. ನಾನು ಜಾಸ್ತಿ ಹಾಕೋದು 35 ಎಂಎಂ ಎಫ್1.8 ಲೆನ್ಸ್. 200 ಗ್ರಾಂ ತೂಕ, ಅಷ್ಟೇ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳ ಮುಂದೆ ಇದು ದಪ್ಪ, ಹಿಂದಿನ ಸ್ಕ್ರೀನ್ ಮಡಚಲು ಬರೋದಿಲ್ಲ. ಚಿತ್ರದ ಗುಣದಲ್ಲಿ ನನಗೆ ಒಂದು ದಿನವೂ ಕೊರತೆ ಅನ್ನಿಸಿಲ್ಲ.

ಕೊರತೆ ಇದ್ದದ್ದು ಬೇರೆ ಕಡೆ.

ಇಟಗಿ ಗುಡಿ 1112ರಲ್ಲಿ ಆದದ್ದು. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ. ಅಲ್ಲಿನ ಶಾಸನವೇ ಅದನ್ನು ದೇವಾಲಯ ಚಕ್ರವರ್ತಿ ಅಂತ ಕರೆಯುತ್ತದೆ. ಗದಗ ರಸ್ತೆ ಹಿಡಿದು ಸ್ಕೂಟಿಯಲ್ಲಿ ಬೆಳಿಗ್ಗೆ ಬೇಗ ಹೊರಟರೆ ಬಿಸಿಲು ಏರುವ ಮೊದಲು ಅಲ್ಲಿರಬಹುದು. ಒಳಗೆ ಬಳಪದ ಕಲ್ಲಿನ ಕಂಬಗಳು, ತಿರುಗಿಸಿ ತಿರುಗಿಸಿ ಕಡೆದಂಥವು. ಉಂಗುರ ಉಂಗುರವಾಗಿ ಎಷ್ಟು ನುಣುಪು ಅಂದ್ರೆ ಹೊರಗಿನ ಬೆಳಕಿನ ಒಂದು ಎಳೆ ಪ್ರತಿ ಉಂಗುರದ ಅಂಚಿನಲ್ಲೂ ನಿಂತಿರುತ್ತದೆ. ಕಲ್ಲಿನ ಬಣ್ಣ ಕಪ್ಪಲ್ಲ. ಕಪ್ಪಿನೊಳಗೆ ಸ್ವಲ್ಪ ಹಸಿರು, ಕೈ ಸವರಿದಲ್ಲಿ ಎಣ್ಣೆ ಹಚ್ಚಿದ ಹಾಗೆ. ನಾನು ಇದನ್ನು ಐದಾರು ಸಲ ಹೋಗಿ ತೆಗೆದೆ. ಪ್ರತಿ ಸಲವೂ ಒಂದೋ ಬಾಗಿಲ ಆಚೆ ಎಲ್ಲ ಸುಣ್ಣದ ಹಾಗೆ ಬಿಳಿ, ಇಲ್ಲಾ ಕಂಬ ಇದ್ದಿಲ ತುಂಡು. ಇದು ಪುರಾತತ್ವ ಇಲಾಖೆಯ ಸ್ಮಾರಕ, ಟ್ರೈಪಾಡ್ ಇಡಬೇಕು ಅಂದ್ರೆ ಮೊದಲೇ ಅನುಮತಿ ಬೇಕು. ಕೈಯಲ್ಲೇ ಹಿಡಿದು ತೆಗೆಯಬೇಕು.

ನಮ್ಮ ಓಣಿಯಲ್ಲಿ ಸ್ಟುಡಿಯೋ ಇಟ್ಟಿರುವ ಅಣ್ಣ ಒಬ್ಬರಿದ್ದಾರೆ. ಅವರಿಗೆ ತೋರಿಸಿದೆ. ನೋಡಿದವರೇ, "ತಂಗಿ, ಜೆಪೆಗ್‌ನ್ಯಾಗ ತಗದ್ರ ಹಿಂಗ ಆಗತೈತಿ. ರಾ ಹಾಕು. ಬಾಗಲಾ ಸುಡಬಾರದು ಅಷ್ಟ ನೋಡ್ಕೊ, ಕತ್ತಲಿ ಚಿಂತಿ ಬಿಡು" ಅಂದ್ರು. ಅವರು ಹೇಳಿದ್ದು ಸರಿ ಇತ್ತು. ಜೆಪೆಗ್ ಅಂದ್ರೆ ಕ್ಯಾಮೆರಾನೇ ಬಣ್ಣ ಹಾಕಿ ಕುಗ್ಗಿಸಿ ಕೊಡುವ ಚಿತ್ರ. ರಾ ಅಂದ್ರೆ ಸೆನ್ಸರ್ ಕಂಡದ್ದನ್ನು ತಿದ್ದದೆ ಹಾಗೇ ಇಟ್ಟ ಫೈಲ್. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು. ಈ ಕ್ಯಾಮೆರಾದ 14 ಬಿಟ್ ರಾ ಫೈಲ್‌ನಲ್ಲಿ 16,384. ಕತ್ತಲನ್ನು ಮೇಲೆ ಎತ್ತಿದಾಗ ಜೆಪೆಗ್‌ನಲ್ಲಿ ಎತ್ತಲು ಏನೂ ಉಳಿದಿರೋದಿಲ್ಲ, ರಾದಲ್ಲಿ ಉಳಿದಿರುತ್ತದೆ. ಆದರೆ ರಾ ಫೈಲ್ ತೆರೆದು ಕೆಲಸ ಮಾಡೋಕೆ ಸಾಫ್ಟ್‌ವೇರ್ ಬೇಕಲ್ವಾ? ಹಾಗೆ ಬಂದದ್ದು ಡಾರ್ಕ್‌ಟೇಬಲ್.

ಇದನ್ನು 2009ರಲ್ಲಿ ಯೋಹಾನ್ನೆಸ್ ಹನಿಕಾ ಶುರು ಮಾಡಿದರು. ಆಮೇಲೆ ಬೇರೆ ಬೇರೆ ದೇಶದ ಫೋಟೋ ಹುಚ್ಚಿನ ಪ್ರೋಗ್ರಾಮರ್‌ಗಳು ಕೂಡಿ ಬೆಳೆಸಿದ್ದಾರೆ. ಮೊದಲು ಲಿನಕ್ಸ್‌ಗೆ ಇತ್ತು, ವಿಂಡೋಸ್‌ಗೆ ಬಂದದ್ದು 2017ರ ಕೊನೆಗೆ. ವರ್ಷಕ್ಕೆ ಎರಡು ಸಲ, ಬೇಸಿಗೆಯಲ್ಲೊಮ್ಮೆ ಕ್ರಿಸ್‌ಮಸ್ ಹೊತ್ತಿಗೊಮ್ಮೆ, ಹೊಸ ಆವೃತ್ತಿ ಬರುತ್ತದೆ. ಇಳಿಸಿಕೊಳ್ಳುವಾಗ ಡಾರ್ಕ್‌ಟೇಬಲ್ ಡಾಟ್ ಆರ್ಗ್‌ನಿಂದಲೇ ಇಳಿಸಿಕೊಳ್ಳಿ, ಬೇರೆ ಎಲ್ಲಿಂದಲೂ ಬೇಡ.

ಮೊದಲ ದಿನ ನನಗೆ ಬಹಳ ಬೇಜಾರಾಯಿತು. ಇದನ್ನು ಮುಚ್ಚಿಡದೆ ಹೇಳಬೇಕು, ಯಾಕಂದ್ರೆ ಎಷ್ಟೋ ಮಂದಿ ಇಲ್ಲೇ ಬಿಟ್ಟುಬಿಡುತ್ತಾರೆ. ಫೋಟೋಗಳೆಲ್ಲ ಸಾಲಾಗಿ ಕಾಣುವ ಜಾಗಕ್ಕೆ ಲೈಟ್‌ಟೇಬಲ್ ಅಂತ ಹೆಸರು. ಅಲ್ಲಿ ಫೋಟೋ ಚಂದ ಕಾಣುತ್ತದೆ. ಡಬಲ್ ಕ್ಲಿಕ್ ಮಾಡಿ ಡಾರ್ಕ್‌ರೂಮ್‌ಗೆ ಹೋದ ಕೂಡಲೇ ಅದೇ ಫೋಟೋ ಮಂಕಾಗಿ ಬಿಡುತ್ತದೆ. ಏನೋ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಮೊದಲು ಕಂಡದ್ದು ರಾ ಫೈಲ್ ಒಳಗೆ ಕ್ಯಾಮೆರಾ ಸೇರಿಸಿಟ್ಟಿದ್ದ ಚಿಕ್ಕ ಜೆಪೆಗ್. ನಿಕಾನ್ ತನಗೆ ಸರಿ ಕಂಡ ಹಾಗೆ ಬಣ್ಣ ಹಾಕಿದ್ದು. ಎರಡನೆಯದು ನಿಜವಾದ ರಾ. ಅದಕ್ಕೆ ಬಣ್ಣ ಹಾಕೋದು ಇನ್ನು ನಮ್ಮ ಕೆಲಸ. ಹಿಟ್ಟು ಕೈಗೆ ಕೊಟ್ಟಿದ್ದಾರೆ, ರೊಟ್ಟಿ ನಾವೇ ಬಡಿಯಬೇಕು.

ಇನ್ನೊಂದು, ಬಲಗಡೆ ಕಾಣುವ ಮಾಡ್ಯೂಲ್‌ಗಳ, ಅಂದ್ರೆ ಒಂದೊಂದು ಕೆಲಸಕ್ಕೆ ಇರುವ ಒಂದೊಂದು ಸಲಕರಣೆಯ, ಸಂಖ್ಯೆ ನೋಡಿ ಹೆದರಬೇಡಿ. ಎರಡು ವರ್ಷ ಆದ್ರೂ ನಾನು ದಿನಾ ಮುಟ್ಟೋದು ನಾಲ್ಕನ್ನೇ: ಎಕ್ಸ್‌ಪೋಷರ್, ಕಲರ್ ಕ್ಯಾಲಿಬ್ರೇಷನ್, ಟೋನ್ ಈಕ್ವಲೈಸರ್, ಸಿಗ್ಮಾಯ್ಡ್. ಜೊತೆಗೆ ಲೆನ್ಸ್ ಕರೆಕ್ಷನ್ ಒಂದನ್ನು ಆನ್ ಮಾಡಿ ಬಿಡುತ್ತೇನೆ. ನನ್ನ ಲೆನ್ಸ್ ಯಾವುದು ಅಂತ ತಾನೇ ಗುರುತಿಸಿ ಅಂಚಿನ ಕತ್ತಲು, ಬಾಗು ಸರಿ ಮಾಡುತ್ತದೆ.

ಇಟಗಿಯ ಆ ಫೋಟೋದಲ್ಲಿ ಏನು ಮಾಡಿದೆ ಅಂತ ಹೇಳುತ್ತೇನೆ. ಬಾಗಿಲ ಆಚೆಯ ಬೆಳಕು ಸುಡದ ಹಾಗೆ ಅಳತೆ ಮಾಡಿ ತೆಗೆದಿದ್ದೆ. ತೆರೆದಾಗ ಕಂಬಗಳು ಕಾಣುತ್ತಲೇ ಇರಲಿಲ್ಲ. ಮೊದಲು ಎಕ್ಸ್‌ಪೋಷರ್‌ನಲ್ಲಿ ಒಂದು ಸ್ಟಾಪ್, ಅಂದ್ರೆ ಬೆಳಕನ್ನು ಎರಡರಷ್ಟಕ್ಕೆ, ಏರಿಸಿದೆ. ಆಮೇಲೆ ಟೋನ್ ಈಕ್ವಲೈಸರ್. ನನಗೆ ಇಡೀ ಡಾರ್ಕ್‌ಟೇಬಲ್‌ನಲ್ಲಿ ತುಂಬಾ ಇಷ್ಟವಾದದ್ದು ಇದೇ. ಮಾಡ್ಯೂಲ್ ಆನ್ ಮಾಡಿ ಮೌಸ್ ಅನ್ನು ಚಿತ್ರದ ಮೇಲೇ, ಆ ಕಂಬದ ಕತ್ತಲಿನ ಮೇಲೆ ತಂದು ನಿಲ್ಲಿಸಿ. ಈಗ ಮೌಸ್‌ನ ಚಕ್ರ ತಿರುಗಿಸಿ. ಅಷ್ಟೇ ಕತ್ತಲಿರುವ ಜಾಗಗಳು ಮಾತ್ರ ಮೆಲ್ಲಗೆ ಬೆಳಗುತ್ತವೆ, ಬಾಗಿಲು ಇದ್ದ ಹಾಗೇ ಇರುತ್ತದೆ. ಗುಡಿಯೊಳಗೆ ಹೋಗಿ ಎರಡು ನಿಮಿಷ ನಿಂತರೆ ಕಣ್ಣು ಕತ್ತಲಿಗೆ ಹೊಂದಿಕೊಂಡು ಒಂದೊಂದೇ ಕಂಬ ಕಾಣಿಸಿಕೊಳ್ಳುತ್ತದಲ್ಲ, ಸರಿಯಾಗಿ ಹಾಗೇ.

ಒಂದು ಎಚ್ಚರಿಕೆ. ಇದರಲ್ಲಿ ಮಾಸ್ಕಿಂಗ್ ಅನ್ನೋ ಟ್ಯಾಬ್ ಇದೆ. ಅಲ್ಲಿ ಎಕ್ಸ್‌ಪೋಷರ್, ಕಾಂಟ್ರಾಸ್ಟ್ ಸ್ಲೈಡರ್‌ಗಳ ಪಕ್ಕದ ಮಂತ್ರದಂಡದ ಗುರುತು ಒತ್ತದೆ ಕೆಲಸ ಶುರು ಮಾಡಿದರೆ ಕತ್ತಲು ಬೆಳಕು ಸರಿಯಾಗಿ ಬೇರೆ ಆಗೋದಿಲ್ಲ. ಏನು ತಿರುಗಿಸಿದರೂ ಇಡೀ ಚಿತ್ರವೇ ಬೆಳಗುತ್ತದೆ. ಇದು ಗೊತ್ತಾಗೋಕೆ ನನಗೆ ಒಂದು ತಿಂಗಳು ಹಿಡಿಯಿತು.

ಕಂಬ ಎದ್ದು ಬಂತು. ಸ್ವಲ್ಪ ಕಾಳು ಕಾಳು ಕಂಡಿತು, ಆ ಕಾಳು ಒರೆಸುವ ಡಿನಾಯ್ಸ್ ಪ್ರೊಫೈಲ್ಡ್ ಮಾಡ್ಯೂಲ್ ಆನ್ ಮಾಡಿದೆ. ಕ್ಯಾಮೆರಾ ಯಾವುದು, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯ ಅಳತೆ) ಎಷ್ಟು ಅಂತ ಫೈಲ್‌ನಿಂದಲೇ ಓದಿಕೊಂಡು ಅದಕ್ಕೆ ತಕ್ಕಷ್ಟೇ ಒರೆಸುತ್ತದೆ. ಉಂಗುರಗಳ ಅಂಚು ಹಾಳಾಗಲಿಲ್ಲ. ಕೊನೆಗೆ ಸಿಗ್ಮಾಯ್ಡ್. ರಾ ಫೈಲ್‌ನ ಬೆಳಕು-ಕತ್ತಲಿನ ದೊಡ್ಡ ಅಂತರವನ್ನು ಸ್ಕ್ರೀನ್ ತೋರಿಸಬಲ್ಲಷ್ಟಕ್ಕೆ ಹೊಂದಿಸೋದು ಇದರ ಕೆಲಸ. 2022ರ ಕೊನೆಯಲ್ಲಿ 4.2 ಆವೃತ್ತಿಯಲ್ಲಿ ಸೇರಿದ್ದು. ಮೊದಲು ಈ ಕೆಲಸಕ್ಕೆ ಫಿಲ್ಮಿಕ್ ಇತ್ತು, ಈಗಲೂ ಇದೆ, ಅದರಲ್ಲಿ ಹಿಡಿತ ಜಾಸ್ತಿ, ತಲೆನೋವೂ ಜಾಸ್ತಿ. ಹೊಸಬರು ಸಿಗ್ಮಾಯ್ಡ್ ಹಿಡಿಯಿರಿ.

ಬಣ್ಣದ ವಿಷಯದಲ್ಲಿ ಇದರ ಶಕ್ತಿ ಕಂಡಿದ್ದು ಗವಿಮಠದ ಜಾತ್ರೆಯಲ್ಲಿ. ತೇರು ಎಳೆಯೋದು ಸಂಜೆ. ಲಕ್ಷಾಂತರ ಜನ, ಗಾಳಿಯಲ್ಲಿ ಧೂಳು, ಎಲ್ಲ ಕಡೆಯಿಂದ ಉತ್ತತ್ತಿ ತೇರಿಗೆ ಹಾರುತ್ತಿರುತ್ತವೆ. ಒಂದು ಕಡೆ ಮುಳುಗುವ ಸೂರ್ಯನ ಕೇಸರಿ ಬೆಳಕು, ಇನ್ನೊಂದು ಕಡೆ ಅಂಗಡಿ ಸಾಲಿನ ನೀಲಿ ಎಲ್‌ಇಡಿ. ಒಬ್ಬ ಅಜ್ಜಿ ಕೈಯೆತ್ತಿ ಉತ್ತತ್ತಿ ಎಸೆಯುತ್ತಿರುವ ಫೋಟೋ ಒಂದಿತ್ತು. ಮುಖದ ಅರ್ಧ ಕೇಸರಿ, ಅರ್ಧ ಹೆಣದ ಹಾಗೆ ನೀಲಿ. ಕಲರ್ ಕ್ಯಾಲಿಬ್ರೇಷನ್ ಮಾಡ್ಯೂಲನ್ನು ಎರಡು ಸಲ ಹಾಕಬಹುದು. ಮೊದಲನೆಯದನ್ನು ಇಡೀ ಚಿತ್ರಕ್ಕೆ ಬಿಟ್ಟೆ. ಎರಡನೆಯದಕ್ಕೆ ಮಾಸ್ಕ್, ಅಂದ್ರೆ ಎಲ್ಲಿಗೆ ತಾಗಬೇಕು ಅನ್ನೋ ಗಡಿ, ಬರೆದು ನೀಲಿ ಬಿದ್ದ ಕಡೆಗೆ ಮಾತ್ರ ಹಾಕಿದೆ. ಅಜ್ಜಿಯ ಮುಖ ಮುಖದ ಬಣ್ಣಕ್ಕೆ ಬಂತು, ಸಂಜೆಯ ಕೇಸರಿಯೂ ಉಳಿಯಿತು. ವೈಟ್ ಬ್ಯಾಲೆನ್ಸ್ ಅಂತ ಇನ್ನೊಂದು ಮಾಡ್ಯೂಲ್ ಕಾಣುತ್ತದೆ, ಇದರ ಜೊತೆ ಅದನ್ನು ತಿರುಗಿಸಬೇಡಿ. ತಿರುಗಿಸಿದರೆ ಎರಡು ಸಲ ಆಗುತ್ತಿದೆ ಅಂತ ಅದೇ ಎಚ್ಚರಿಕೆ ಕೊಡುತ್ತದೆ.

ಇನ್ನು ನನಗೆ ನೋವಾದ ಸಂಗತಿ. ಡಾರ್ಕ್‌ಟೇಬಲ್ ಮೂಲ ಫೋಟೋವನ್ನು ಮುಟ್ಟೋದೇ ಇಲ್ಲ. ನಾವು ಮಾಡಿದ ಬದಲಾವಣೆಯನ್ನೆಲ್ಲ ಪಕ್ಕದಲ್ಲಿ ಎಕ್ಸ್‌ಎಂಪಿ ಅನ್ನೋ ಚಿಕ್ಕ ಫೈಲ್‌ನಲ್ಲಿ ಬರೆದಿಡುತ್ತದೆ. ಇದು ಒಳ್ಳೆಯ ಪದ್ಧತಿ, ಯಾವಾಗ ಬೇಕಾದರೂ ಮೊದಲಿಗೆ ಹಿಂತಿರುಗಬಹುದು. ಲ್ಯಾಪ್‌ಟಾಪ್ ಕೆಟ್ಟು ರಿಪೇರಿಗೆ ಕೊಡುವ ಮುಂಚೆ ಫೋಟೋಗಳನ್ನು ಹಾರ್ಡ್ ಡಿಸ್ಕ್‌ಗೆ ಹಾಕಿಕೊಂಡೆ. ರಾ ಫೈಲ್‌ಗಳನ್ನು ಮಾತ್ರ ಆರಿಸಿ ಕಾಪಿ ಮಾಡಿದೆ. ಆ ಚಿಕ್ಕ ಫೈಲ್‌ಗಳು ಬೇಡದ ಕಸ ಅಂದುಕೊಂಡೆ. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಗಿ ಬಂತು. ಜಾತ್ರೆಯ 340 ಫೋಟೋಗಳ ಮೇಲೆ ಎರಡು ತಿಂಗಳು ಕೂತು ಮಾಡಿದ ಕೆಲಸ ಹೋಯಿತು. ಅಜ್ಜಿಯ ಫೋಟೋವನ್ನು ಮತ್ತೆ ಮಾಡಿದೆ, ಆದರೆ ಆ ಮೊದಲಿನ ಬಣ್ಣ ಇವತ್ತಿಗೂ ಬಂದಿಲ್ಲ ಅನ್ನಿಸುತ್ತದೆ. ದಯವಿಟ್ಟು ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿ. ಫೋಲ್ಡರ್ ಜಾಗ ಬದಲಿಸೋದಿದ್ದರೂ ಡಾರ್ಕ್‌ಟೇಬಲ್ ಒಳಗಿಂದಲೇ ಬದಲಿಸಿ. ಹೊರಗಿಂದ ಬದಲಿಸಿದರೆ ಫೋಟೋ ಇದ್ದ ಜಾಗದಲ್ಲಿ ತಲೆಬುರುಡೆ ಚಿತ್ರ ಕಾಣುತ್ತದೆ. ಹೆದರಬೇಡಿ, ಎಕ್ಸ್‌ಎಂಪಿ ಜೊತೆಗಿದ್ದರೆ ಮತ್ತೆ ಇಂಪೋರ್ಟ್ ಮಾಡಿದಾಗ ಎಲ್ಲ ವಾಪಸ್ ಬರುತ್ತದೆ.

ವೇಗದ ಮಾತು. ನನ್ನ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಒಂದು ಫೋಟೋ ಎಕ್ಸ್‌ಪೋರ್ಟ್ ಆಗೋಕೆ ಇಪ್ಪತ್ತು ಸೆಕೆಂಡ್ ಹತ್ತಿರ. ಚಿತ್ರವನ್ನು ಚುರುಕು ಮಾಡುವ ಡಿಫ್ಯೂಸ್ ಆರ್ ಶಾರ್ಪನ್ ಮಾಡ್ಯೂಲ್ ಹಾಕಿದರೆ ಒಂದು ನಿಮಿಷ ದಾಟುತ್ತದೆ, ಏಪ್ರಿಲ್-ಮೇ ಸೆಕೆಯಲ್ಲಿ ಲ್ಯಾಪ್‌ಟಾಪ್ ಕಾದ ಹಂಚಾಗುತ್ತದೆ. ದಿನಕ್ಕೆ ನಾಲ್ಕೈದು ಫೋಟೋ ಮಾಡುವ ನನ್ನಂಥವರಿಗೆ ಸಾಕು. ಮದುವೆಯ ಎರಡು ಸಾವಿರ ಫೋಟೋ ಎರಡು ದಿನದಲ್ಲಿ ಕೊಡಬೇಕಾದವರಿಗೆ ನಾನು ಇದನ್ನು ಹೇಳೋದಿಲ್ಲ. ಅಂಥವರಿಗೆ ದುಡ್ಡು ಕೊಟ್ಟು ಬಳಸುವ ಲೈಟ್‌ರೂಮ್ ಸಾಫ್ಟ್‌ವೇರ್ ದುಡ್ಡಿಗೆ ತಕ್ಕದ್ದು. ಕ್ಯಾಮೆರಾ ಕೊಟ್ಟ ಬಣ್ಣವೇ ಇಷ್ಟ, ಸ್ವಲ್ಪ ತಿದ್ದಿದರೆ ಸಾಕು ಅನ್ನೋ ನಿಕಾನ್‌ನವರಿಗೆ ಕಂಪನಿಯದೇ ಎನ್‌ಎಕ್ಸ್ ಸ್ಟುಡಿಯೋ ಇದೆ. ಅದೂ ಪುಕ್ಕಟೆ, ಕಲಿಯೋದೂ ಸುಲಭ. ಮನೆಯ ಮಕ್ಕಳ ಫೋಟೋಗಳಿಗೆ ನಾನೂ ಅದನ್ನೇ ಬಳಸುತ್ತೇನೆ.

ಇಟಗಿಯ ಫೋಟೋವನ್ನು 12-18 ಇಂಚಿಗೆ ಪ್ರಿಂಟ್ ಹಾಕಿಸಿದೆ. ಈ ಕ್ಯಾಮೆರಾದ ಚಿತ್ರದ ಅಳತೆ ಆ ಕಾಗದಕ್ಕೆ ಸರಿಯಾಗಿ ಕೂರುತ್ತದೆ, ಎಲ್ಲೂ ಕತ್ತರಿಸಬೇಕಿಲ್ಲ. ಮೊದಲ ಪ್ರಿಂಟ್ ಕಪ್ಪಾಗಿ ಬಂತು. ನಾನು ರಾತ್ರಿ ಹೊತ್ತು ಸ್ಕ್ರೀನ್ ಬೆಳಕು ಪೂರ್ತಿ ಏರಿಸಿಕೊಂಡು ಕೆಲಸ ಮಾಡಿದ್ದೇ ಕಾರಣ. ಸ್ಕ್ರೀನ್ ಅರ್ಧಕ್ಕೆ ಇಳಿಸಿ, ಎಕ್ಸ್‌ಪೋಷರ್ ಇನ್ನು ಸ್ವಲ್ಪ ಏರಿಸಿ, ಎಸ್‌ಆರ್‌ಜಿಬಿ ಅನ್ನೋ ಸಾಮಾನ್ಯ ಬಣ್ಣದ ಮಾನದಲ್ಲಿ ಮತ್ತೆ ಎಕ್ಸ್‌ಪೋರ್ಟ್ ಮಾಡಿ ಕೊಟ್ಟೆ. ಎರಡನೆಯದು ಸರಿ ಬಂತು. ಈಗ ಅಂಗಡಿಯಲ್ಲಿ ಕೌಂಟರ್ ಹಿಂದೆ ತೂಗುಹಾಕಿದ್ದೇನೆ.

ಹೋದ ವಾರ ಕುಕನೂರು ಕಡೆಯ ಹಿರಿಯರೊಬ್ಬರು ಬಿಪಿ ಗುಳಿಗೆಗೆ ಬಂದಿದ್ದರು. ಚೀಟಿ ಕೈಯಲ್ಲೇ ಹಿಡಿದು ಫೋಟೋ ನೋಡುತ್ತಾ ನಿಂತರು. "ಅಕ್ಕಾರ, ಇದು ನಮ್ಮ ಇಟಗಿ ಗುಡಿ ಅಲ್ಲೇನ್ರೀ?" ಅಂತ ಕೇಳಿದರು. ಹೌದು ಅಂದೆ. "ಒಳಗ ಹೊಕ್ಕ ಕೂಡ್ಲೆ ಹಿಂಗ ಕಾಣಂಗಿಲ್ರಿ. ಒಂದೀಟು ನಿಂದ್ರಬೇಕು. ಆಮ್ಯಾಲ ಹಿಂಗ ಕಾಣ್ತೈತಿ" ಅಂದರು. ಅವರ ಮೊಮ್ಮಗನಿಗೆ ಅಂತ ಚಿಕ್ಕದೊಂದು ಪ್ರಿಂಟ್ ಹಾಕಿಸಿ ಇಟ್ಟಿದ್ದೇನೆ. ಮುಂದಿನ ತಿಂಗಳ ಗುಳಿಗೆಗೆ ಬಂದಾಗ ಕೊಡಬೇಕು.