ಕರಾವಳಿಯ ಮಳೆಗಾಲಕ್ಕೆ ಮನೆಯಲ್ಲೇ ಮಾಡಿದ ಶೇವಿಂಗ್ ಸ್ಟ್ಯಾಂಡ್: ನನ್ನ ವಿಮರ್ಶೆ

ಎರಡು ಅಲಗಿನ ಬ್ಲೇಡು, ಬ್ರಷ್ಷು, ಗಟ್ಟಿ ಸೋಪು. ಇವುಗಳಲ್ಲಿ ಶೇವ್ ಮಾಡುವವರಿಗೆ ಉಡುಪಿಯ ಮಳೆಗಾಲ ದೊಡ್ಡ ಪರೀಕ್ಷೆ. ಇಲ್ಲಿ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜೊತೆಗೆ ಸಮುದ್ರದ ಉಪ್ಪುಗಾಳಿ. ಹಾಗಾಗಿ ಯಾವ ಡಬ್ಬಿ, ಯಾವ ಸ್ಟ್ಯಾಂಡ್ ನೋಡಿದರೂ ನಾನು ಕೇಳುವುದು ಎರಡೇ: ನೀರು ಇಳಿದು ಹೋಗುತ್ತದಾ? ಗಾಳಿ ಆಡುತ್ತದಾ?

₹600 ಕೊಟ್ಟು ತಂದ ಕ್ರೋಮ್ ಸ್ಟ್ಯಾಂಡ್ ಈ ಪರೀಕ್ಷೆಯಲ್ಲಿ ಸೋತಿತು. ಒಂದೇ ಮಳೆಗಾಲಕ್ಕೆ ಬೆಸುಗೆ ಹಾಕಿದ ಕಡೆ ಲೇಪ ಎದ್ದು, ತುಕ್ಕಿನ ನೀರು ಇಳಿಯತೊಡಗಿತು. ಈಗ ಇರುವುದೆಲ್ಲ ಮನೆಯಲ್ಲಿ ಮಾಡಿದ್ದು.

ಸ್ಟ್ಯಾಂಡಿಗೆ ಬೇಕಾದದ್ದು ಅರ್ತಿಂಗ್‌ಗೆ ಹಾಕುವ 8 ಗೇಜ್ ತಾಮ್ರದ ತಂತಿ ಮತ್ತು ಅಡುಗೆಮನೆ ಕಟ್ಟೆಗೆ ಹಾಕಿ ಉಳಿದ ಗ್ರಾನೈಟ್ ತುಂಡು. ಆ ತಂತಿ ಸುಮಾರು 4 ಮಿ.ಮೀ. ದಪ್ಪ. ಕೈಯಲ್ಲೇ ಬಗ್ಗುತ್ತದೆ, ಬಗ್ಗಿಸಿದ ಮೇಲೆ ಹಾಗೇ ನಿಲ್ಲುತ್ತದೆ. ಕಲ್ಲಿಗೆ ಎರಡು ತೂತು ಹಾಕಿಸಲು ಗ್ರಾನೈಟ್ ಕೆಲಸದವರ ಹತ್ತಿರ ಹೋದೆ. "ಇಷ್ಟು ಸಣ್ಣ ತುಂಡಿಗೆ ತೂತು ಎಂತಕ್ಕೆ ಮಾರಾಯ್ರೇ?" ಎಂದು ಕೇಳಿದರು. ಹೇಳಿದ ಮೇಲೆ ಅವರೇ ಕಲ್ಲಿನ ಚೂಪು ಅಂಚುಗಳನ್ನೂ ಉಜ್ಜಿ ಕೊಟ್ಟರು. ಒಂದೊಂದು ತೂತಿಗೆ ಒಂದೊಂದು ತಂತಿ ನಿಲ್ಲಿಸಿ, ಅರಾಲ್ಡೈಟ್ ಅಂಟು ಹಾಕಿ, ಒಂದು ರಾತ್ರಿ ಮುಟ್ಟದೆ ಬಿಟ್ಟರೆ ಆಯಿತು. ತಂತಿಯ ತುದಿಯನ್ನು ಬಳೆಯ ಹಾಗೆ ಬಗ್ಗಿಸಿ, ಎದುರಿಗೆ ಸ್ವಲ್ಪ ಬಾಯಿ ಬಿಡಬೇಕು. ಒಂದು ತಂತಿಯ ಬಾಯಿ ಬ್ರಷ್ಷಿನ ಕುತ್ತಿಗೆ ದಾಟುವಷ್ಟು, ಇನ್ನೊಂದರದ್ದು ರೇಜರ್ ಹಿಡಿ ದಾಟುವಷ್ಟು. ಬ್ರಷ್ ತಲೆಕೆಳಗಾಗಿ ತೂಗುತ್ತದೆ, ರೇಜರ್ ತಲೆ ಮೇಲಾಗಿ ನಿಲ್ಲುತ್ತದೆ. ಕಲ್ಲಿನ ಭಾರಕ್ಕೆ ಒದ್ದೆ ಕೈ ತಾಗಿದರೂ ಅಲುಗುವುದಿಲ್ಲ.

ಬ್ರಷ್ಷನ್ನು ತೂಗುಹಾಕಿದರೆ ಮಾತ್ರ ಒಣಗುತ್ತದೆ ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಚೆನ್ನಾಗಿ ಕೊಡವಿ, ಕೂದಲು ಮೇಲೆ ಮಾಡಿ ನಿಲ್ಲಿಸಿದರೂ ಒಣಗುತ್ತದೆ. ಬೇಸಿಗೆಯಲ್ಲಿ ನಾನೂ ಹಾಗೇ ಇಡುತ್ತೇನೆ. ಆದರೆ ಮಳೆಗಾಲದಲ್ಲಿ ಬಚ್ಚಲಿನ ಕಟ್ಟೆಯೇ ಒಣಗುವುದಿಲ್ಲ ಅಲ್ವಾ? ಹಿಡಿಯ ಬುಡ ಸದಾ ನೀರಲ್ಲಿ ನಿಂತರೆ, ಅದರಲ್ಲೂ ಮರದ ಹಿಡಿಯಾದರೆ, ಬಿರುಕು ಬಿಡುತ್ತದೆ. ತೂಗುಹಾಕುವುದು ಅದಕ್ಕೆ. ಹಂದಿ ಕೂದಲಿನ ಬ್ರಷ್ ನೀರು ಜಾಸ್ತಿ ಕುಡಿಯುತ್ತದೆ, ಸ್ಟ್ಯಾಂಡ್ ಸಮೇತ ಅದನ್ನು ಕಿಟಕಿ ಹತ್ತಿರ ಇಡುತ್ತೇನೆ. ಸಿಂಥೆಟಿಕ್ ಬ್ರಷ್ಷಿಗೆ ಇಷ್ಟು ಉಪಚಾರ ಬೇಡ. ಈ ಸ್ಟ್ಯಾಂಡಿನ ಕೊರತೆ ಒಂದೇ: ತಾಮ್ರ ಕಪ್ಪಾಗುತ್ತದೆ, ಅಲ್ಲಲ್ಲಿ ಹಸಿರು ಕಟ್ಟುತ್ತದೆ. ಹುಣಸೆಹಣ್ಣಲ್ಲಿ ತಿಕ್ಕಿದರೆ ಹೋಗುತ್ತದೆ.

ಸೋಪಿಗೆ ತೆಂಗಿನ ಗೆರಟೆಯೇ ಸಾಕು. ಮೂರು ಕಣ್ಣಿರುವ ಅರ್ಧ ಬೇಕು, ಅದರಲ್ಲಿ ಒಂದು ಕಣ್ಣು ಮೆತ್ತಗಿರುತ್ತದೆ. ಅದನ್ನು ಚುಚ್ಚಿದರೆ ನೀರಿಳಿಯುವ ದಾರಿ ತಯಾರು. ಗೆರಟೆ ಉರುಳದಂತೆ ಕೆಳಗೆ 2 ಇಂಚಿನ ಪಿವಿಸಿ ಪೈಪಿನ ಒಂದು ಉಂಗುರ ಕತ್ತರಿಸಿ ಇಟ್ಟಿದ್ದೇನೆ. ಹೊರಗೆ ಮರಳು ಕಾಗದ, ಆಮೇಲೆ ಸ್ವಲ್ಪ ತೆಂಗಿನೆಣ್ಣೆ. ತುಂಬಾ ಚೆಂದ ಕಾಣುತ್ತದೆ.

ಅಡುಗೆಮನೆಯ ಹಳೇ ಒಗ್ಗರಣೆ ಡಬ್ಬಿಯನ್ನೂ ಬಳಸುತ್ತಿದ್ದೇನೆ, ಆದರೆ ಒಣ ಸಾಮಾನಿಗೆ ಮಾತ್ರ. ಹೊಸ ಬ್ಲೇಡುಗಳು ಒಂದು ಬಟ್ಟಲಲ್ಲಿ, ಕಾಗದ ಬಿಚ್ಚದೆ. ಒಣಗಿಸಿದ ಪಟಿಕ ಇನ್ನೊಂದರಲ್ಲಿ, ಮಾತ್ರೆ ಬಾಟಲಿಯಿಂದ ತೆಗೆದಿಟ್ಟ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳು ಮತ್ತೊಂದರಲ್ಲಿ. ಡಬ್ಬಿ ಇರುವುದು ಕೋಣೆಯ ಕಪಾಟಿನಲ್ಲಿ. ಒದ್ದೆ ಬ್ರಷ್ಷನ್ನು ಇದರೊಳಗೆ ಹಾಕಿ ಮುಚ್ಚಳ ಮುಚ್ಚಿದರೆ ಮುಗ್ಗಲು ವಾಸನೆ ಗ್ಯಾರಂಟಿ.

ಇಷ್ಟರಲ್ಲಿ ಒಂದನ್ನೇ ಮಾಡಲು ಪುರುಸೊತ್ತು ಇರುವವರು ಬಳಸಿದ ಬ್ಲೇಡಿನ ಡಬ್ಬಿ ಮಾಡಿ. ಅಮೆರಿಕದ ಹಳೇ ಮನೆಗಳಲ್ಲಿ ಬಚ್ಚಲಿನ ಕನ್ನಡಿ ಕಪಾಟಿನ ಒಳಗೆ, ಹಿಂಬದಿಯಲ್ಲಿ ಸಣ್ಣ ಸೀಳು ಇರುತ್ತಿತ್ತು. ಬ್ಲೇಡನ್ನು ಅದರಲ್ಲಿ ತೂರಿಸಿದರೆ ಗೋಡೆಯೊಳಗೆ ಬಿದ್ದು ಅಲ್ಲೇ ಉಳಿಯುತ್ತಿತ್ತು. ನಮ್ಮಲ್ಲಿ ಸುಮ್ನೆ ಕಸದ ಬುಟ್ಟಿಗೆ ಹಾಕುತ್ತೇವೆ, ಅದನ್ನು ಪೌರಕಾರ್ಮಿಕರು ಕೈಯಲ್ಲಿ ಬೇರ್ಪಡಿಸುತ್ತಾರೆ. ಬ್ಲೇಡಿನ ದಪ್ಪ 0.1 ಮಿ.ಮೀ. ಅಷ್ಟೇ. ಕಣ್ಣಿಗೆ ಕಾಣುವ ಮೊದಲೇ ಕೈ ಕೊಯ್ದಿರುತ್ತದೆ.

ನಾನು ಮಾಡಿದ್ದು ಮಿಲ್ಕ್‌ಮೇಡ್ ಡಬ್ಬಿಯಲ್ಲಿ. ಮುಚ್ಚಳ ಪೂರ್ತಿ ಕತ್ತರಿಸಬೇಡಿ. ಎರಡು ತೂತು ಮಾಡಿ ಹಾಲು ಸುರಿದುಕೊಳ್ಳಿ, ಬಿಸಿನೀರು ಹಾಕಿ ಕುಲುಕಿ ತೊಳೆಯಿರಿ, ಬಿಸಿಲಿಗೆ ಒಣಗಿಸಿ. ಆಮೇಲೆ ಹ್ಯಾಕ್ಸಾ ಬ್ಲೇಡಿನಿಂದ 25 ಮಿ.ಮೀ. ಉದ್ದದ ಒಂದು ಸೀಳು ಹಾಕಿ, ಆ ಎರಡು ತೂತುಗಳನ್ನು ಗಟ್ಟಿ ಟೇಪಿನಿಂದ ಮುಚ್ಚಿ. ಶೇವಿಂಗ್ ಬ್ಲೇಡಿನ ಅಗಲ 22 ಮಿ.ಮೀ., ಹಾಗಾಗಿ ಸಲೀಸಾಗಿ ಒಳಗೆ ಹೋಗುತ್ತದೆ, ಅಲ್ಲಾಡಿಸಿದರೂ ಹೊರಗೆ ಬರುವುದು ಕಷ್ಟ. ತುಂಬಲು ವರ್ಷಗಳೇ ಬೇಕು. ತುಂಬಿದ ಮೇಲೆ ಸೀಳಿಗೂ ಟೇಪ್ ಸುತ್ತಿ, ಮೇಲೆ ದಪ್ಪ ಮಾರ್ಕರಿನಲ್ಲಿ "ಒಳಗೆ ಬ್ಲೇಡ್ ಇದೆ" ಎಂದು ಬರೆದು ಗುಜರಿಯವರಿಗೆ ಕೊಡಿ. ಕೊಡುವಾಗ ಬಾಯಲ್ಲೂ ಹೇಳಿ.