ಚಿತ್ರ ಸರಿಯಿತ್ತು, ಲೆಕ್ಕ ತಪ್ಪಿತ್ತು: ಡ್ಯಾಶ್‌ಬೋರ್ಡ್ ಪರೀಕ್ಷೆಗೆ ಮೂರು ದಾರಿ

ಬೆಂಗಳೂರಿನಲ್ಲಿ ಬೆಳಗಿನ ಜಾವ ಮನೆಮನೆಗೆ ಹಾಲು, ಸೊಪ್ಪು ತಲುಪಿಸುವ ಪುಟ್ಟ ಕಂಪನಿಯೊಂದರಲ್ಲಿ ಡೇಟಾ ಕೆಲಸ ನನ್ನದು. ತಂಡ ಎಂದರೆ ನಾವಿಬ್ಬರೇ. ಡೇಟಾ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿದೆ, ಅದರ ಮೇಲೆ ಮೆಟಾಬೇಸ್ ಎಂಬ ಸಾಧನದಲ್ಲಿ 14 ಡ್ಯಾಶ್‌ಬೋರ್ಡ್, ಅಂದರೆ ವ್ಯಾಪಾರದ ಅಂಕಿಗಳನ್ನು ಚಾರ್ಟುಗಳಾಗಿ ತೋರಿಸುವ ಪುಟಗಳು. ಅವು ತಪ್ಪು ತೋರಿಸಿದರೆ ಬೇರೆಯವರಿಗಿಂತ ಮೊದಲು ನಮಗೆ ಗೊತ್ತಾಗಬೇಕೆಂದು ಮೂರು ಬಗೆಯ ಸ್ವಯಂಚಾಲಿತ ಪರೀಕ್ಷೆ ಮಾಡಿ ನೋಡಿದೆವು: ದುಡ್ಡು ಕೊಟ್ಟು ಪಡೆದ ಸ್ಕ್ರೀನ್‌ಶಾಟ್ ಹೋಲಿಸುವ ಸೇವೆ, ಬ್ರೌಸರನ್ನು ತಾನೇ ನಡೆಸಿ ಪರೀಕ್ಷಿಸುವ ಪ್ಲೇರೈಟ್, ಮತ್ತು ಪೈಥಾನ್ ಭಾಷೆಯ ಪರೀಕ್ಷಾ ಸಾಧನವಾದ ಪೈಟೆಸ್ಟ್‌ನಲ್ಲಿ ನಾವೇ ಬರೆದ ಲೆಕ್ಕದ ತಾಳೆ. ನನ್ನ ಓಟು ಮೂರನೆಯದಕ್ಕೆ. ಮೊದಲನೆಯದಕ್ಕೆ ಕಟ್ಟಿದ ವರ್ಷದ ಚಂದಾ ವ್ಯರ್ಥವಾಯಿತೆಂಬ ಬೇಸರ ಇನ್ನೂ ಹೋಗಿಲ್ಲ.

ಸ್ಕ್ರೀನ್‌ಶಾಟ್ ಸೇವೆ ನೋಡಲು ಚೆಂದ. ಹಳೆಯ ಚಿತ್ರ, ಹೊಸ ಚಿತ್ರ ಅಕ್ಕಪಕ್ಕ ಇಟ್ಟು, ಬದಲಾದ ಜಾಗಕ್ಕೆ ಬಣ್ಣ ಬಳಿದು ತೋರಿಸುತ್ತದೆ. ಆದರೆ ಡ್ಯಾಶ್‌ಬೋರ್ಡ್ ಇರುವುದೇ ದಿನವೂ ಬದಲಾಗುವುದಕ್ಕೆ. ನಿನ್ನೆಯ ಕಂಬ ಇಂದು ಎಡಕ್ಕೆ ಸರಿಯುತ್ತದೆ, ಒಟ್ಟು ಮೊತ್ತ ಏರುತ್ತದೆ, ಹೊಸ ಬಡಾವಣೆ ಪಟ್ಟಿಗೆ ಸೇರುತ್ತದೆ. ಪ್ರತಿ ಬೆಳಿಗ್ಗೆ 14ಕ್ಕೆ 14 ಫೇಲ್. ಮೊದಲ ಚಿತ್ರಗಳನ್ನು ನನ್ನ ಮ್ಯಾಕ್‌ನಲ್ಲಿ ತೆಗೆದಿದ್ದೆ, ಆಮೇಲಿನವು ಲಿನಕ್ಸ್ ಸರ್ವರ್‌ನಲ್ಲಿ. ಬಡಾವಣೆಗಳ ಹೆಸರು ಕನ್ನಡದಲ್ಲಿವೆ, ಎರಡು ಕಡೆ ಫಾಂಟ್ ಬೇರೆ. ಒತ್ತಕ್ಷರ ಎರಡು ಪಿಕ್ಸೆಲ್ ಸರಿದರೂ ಕೆಂಪು.

ಬದಲಾಗುವ ಜಾಗವನ್ನು ಮುಚ್ಚಿಟ್ಟು ಹೋಲಿಸುವ ಸೌಲಭ್ಯವೂ ಇದೆ. ಮೊದಲು ‘ಕೊನೆಯ ಅಪ್‌ಡೇಟ್’ ಸಮಯ ಮುಚ್ಚಿದೆವು, ಆಮೇಲೆ ಒಟ್ಟು ಮೊತ್ತ, ಆಮೇಲೆ ಕೆಲವು ಚಾರ್ಟುಗಳು. ಅಲ್ಲಿ ಪರೀಕ್ಷೆಗೆ ಉಳಿದದ್ದು ತಲೆಬರಹ, ಚೌಕಟ್ಟು ಅಷ್ಟೇ. ಮುಚ್ಚದೆ ಬಿಟ್ಟ ಕಡೆ ‘ಹೊಸ ಚಿತ್ರವೇ ಸರಿ’ ಎಂದು ಒಪ್ಪಿಗೆ ಒತ್ತುವುದು ನಿತ್ಯದ ಅಭ್ಯಾಸವಾಯಿತು.

ಪೆಟ್ಟು ಬಿದ್ದದ್ದು ಅಲ್ಲೇ. ಮಾರ್ಚ್‌ನಲ್ಲಿ ಡೇಟಾಬೇಸನ್ನು ಹೊಸ ಸರ್ವರ್‌ಗೆ ಸಾಗಿಸುವಾಗ ಸಮಯವಲಯದ ಸೆಟ್ಟಿಂಗನ್ನು ನಾವು ಬಿಟ್ಟುಬಿಟ್ಟೆವು. ದಿನದ ಲೆಕ್ಕ ಭಾರತೀಯ ಕಾಲಮಾನದ ಬದಲು ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿ ನಡೆಯತೊಡಗಿತು. ನಾವು ಯುಟಿಸಿಗಿಂತ ಐದೂವರೆ ಗಂಟೆ ಮುಂದಿದ್ದೇವೆ. ಹಾಗಾಗಿ ಬೆಳಿಗ್ಗೆ 5:30ರೊಳಗೆ ಬಾಗಿಲಿಗೆ ತಲುಪಿದ ಹಾಲೆಲ್ಲ ಹಿಂದಿನ ದಿನದ ಖಾತೆಗೆ. ಬೇರೆ ವ್ಯಾಪಾರಗಳಲ್ಲಿ ಆ ಹೊತ್ತಿಗೆ ಅಂಗಡಿ ತೆರೆದೇ ಇರುವುದಿಲ್ಲ. ನಮಗೆ ಅರ್ಧಕ್ಕರ್ಧ ವಿತರಣೆ ಮುಗಿಯುವುದೇ ಆಗ. ಆದರೂ ಚಾರ್ಟ್ ಬರಿದಾಗಲಿಲ್ಲ, ಏಕೆಂದರೆ ಇಂದಿನದು ನಿನ್ನೆಗೆ ಹೋದಂತೆ ನಾಳೆಯದು ಇಂದಿಗೆ ಬರುತ್ತಿತ್ತು. ಕಂಬಗಳ ಎತ್ತರ ಹೆಚ್ಚುಕಡಿಮೆ ಅಷ್ಟೇ. ಆ ಚಿತ್ರಗಳಿಗೆ ಒಪ್ಪಿಗೆ ಒತ್ತಿದವಳು ನಾನೇ.

ಏಪ್ರಿಲ್ ಮೊದಲ ವಾರ ಅಕೌಂಟ್ಸ್‌ನ ಹಿರಿಯರೊಬ್ಬರು ಬಂದು, “ಮೇಡಂ, ಮಾರ್ಚ್ ಲೆಕ್ಕ ನನ್ನ ಲೆಡ್ಜರಿಗೆ ಕೂಡ್ತಾ ಇಲ್ವಲ್ಲ. ಏಪ್ರಿಲ್ ಒಂದರ ಹಾಲು ಮಾರ್ಚ್‌ಗೆ ಸೇರ್ಕೊಂಡಿದೆ ಅನ್ಸುತ್ತೆ” ಅಂದರು. ಆರ್ಥಿಕ ವರ್ಷವೇ ಬದಲಾಗುವ ಗಡಿ ಅದು. ಅವರು ಪೆನ್ನು ಹಿಡಿದು ಕಂಡುಕೊಂಡದ್ದನ್ನು ನಮ್ಮ ಯಾವ ಪರೀಕ್ಷೆಯೂ ಕಂಡಿರಲಿಲ್ಲ. ಡೇಟಾವನ್ನು ವರದಿಗೆ ಸಿದ್ಧಗೊಳಿಸುವ ಡಿಬಿಟಿ (dbt) ಎಂಬ ಸಾಧನದಲ್ಲಿ ನಾವು ಹಾಕಿಕೊಂಡಿದ್ದ ಪರೀಕ್ಷೆಗಳೂ ಪಾಸಾಗುತ್ತಲೇ ಇದ್ದವು. ಖಾಲಿ ಬೆಲೆ ಇದೆಯೇ, ಒಂದೇ ಆರ್ಡರ್ ಎರಡು ಸಲ ಬಂದಿದೆಯೇ ಎಂದಷ್ಟೇ ಅವು ನೋಡುತ್ತಿದ್ದವು. ಸಾಲುಗಳೆಲ್ಲ ಸರಿಯೇ ಇದ್ದವು, ಅವನ್ನು ದಿನಕ್ಕೆ ಹಂಚುವ ರೀತಿ ಕೆಟ್ಟಿತ್ತು.

ಅವರ ಪೆನ್ನಿನ ಕೆಲಸವನ್ನೇ ಪೈಟೆಸ್ಟ್‌ಗೆ ಇಳಿಸಿದೆ. ಮೆಟಾಬೇಸ್‌ನ ಪ್ರತಿ ಕಾರ್ಡಿನ (ಡ್ಯಾಶ್‌ಬೋರ್ಡಿನ ಒಂದೊಂದು ಚಾರ್ಟ್ ಅಥವಾ ಅಂಕಿಯ) ಉತ್ತರವನ್ನು ಪರದೆ ನೋಡದೆ ಪ್ರೋಗ್ರಾಮಿನಿಂದಲೇ ಕೇಳುವ ದಾರಿಯಾದ ಎಪಿಐ ಮೂಲಕ ತರಿಸಿಕೊಳ್ಳಬಹುದು; ಅದನ್ನು ಲೆಡ್ಜರಿನ ದಿನದ ಮೊತ್ತದ ಎದುರು ಇಡುತ್ತೇವೆ. ಕಾರ್ಡಿನ ಎಸ್‌ಕ್ಯೂಎಲ್ಲನ್ನೇ (ಡೇಟಾಬೇಸಿಗೆ ಕೇಳುವ ಪ್ರಶ್ನೆಯ ಕೋಡನ್ನೇ) ನಕಲು ಮಾಡಿ ಹೋಲಿಸಿದರೆ ತಪ್ಪೂ ನಕಲಾಗುತ್ತದೆ, ಆದ್ದರಿಂದ ಎದುರಿನ ಲೆಕ್ಕ ಬೇರೆ ಮೂಲದಿಂದಲೇ ಬರಬೇಕು. ಪರದೆಯ ಮೇಲೆ 12.4 ಲಕ್ಷ ಎಂದು ದುಂಡಾಗಿ ಕಾಣುವುದು ಇಲ್ಲಿ 12,43,217 ಎಂದು ಪೂರ್ತಿ ಸಿಗುತ್ತದೆ, ಒಂದು ರೂಪಾಯಿ ತಪ್ಪಿದರೂ ಗೊತ್ತಾಗುತ್ತದೆ. ಡೇಟಾಬೇಸ್ ಯಾವ ಸಮಯವಲಯದಲ್ಲಿ ಲೆಕ್ಕ ಹಾಕುತ್ತಿದೆ ಎಂದು ಕೇಳುವ ಒಂದೇ ಸಾಲಿನ ಕಾರ್ಡನ್ನೂ ಇಟ್ಟಿದ್ದೇನೆ. 40 ಕಾರ್ಡಿಗೆ ಆರು ನಿಮಿಷ. ಇರುವ ಸರ್ವರಿನಲ್ಲೇ ಓಡುತ್ತದೆ, ಬೇರೆ ಖರ್ಚಿಲ್ಲ. ಶ್ರಮ ಇದ್ದದ್ದು ಎದುರು ಲೆಕ್ಕ ಬರೆಯುವುದರಲ್ಲಿ: ರಿಟರ್ನ್ ಆದ ಪ್ಯಾಕೆಟ್ ಯಾವ ದಿನದ್ದು ಎಂದು ಅಕೌಂಟ್ಸ್‌ನವರ ಜೊತೆ ಕೂತು ತೀರ್ಮಾನಿಸುವುದಕ್ಕೇ ಎರಡು ದಿನ ಹಿಡಿಯಿತು.

ಪ್ಲೇರೈಟನ್ನು ಪೂರ್ತಿ ಬಿಟ್ಟಿಲ್ಲ. ನಾವು ಎಪಿಐಯಿಂದ ಕೇಳುವುದು ಒಂಟಿ ಕಾರ್ಡನ್ನು. ಡ್ಯಾಶ್‌ಬೋರ್ಡಿನ ಫಿಲ್ಟರ್ ಆ ಕಾರ್ಡಿಗೆ ಜೋಡಣೆಯಾಗಿದೆಯೇ ಎಂಬುದು ಅದರಿಂದ ತಿಳಿಯುವುದಿಲ್ಲ. ಬಸವನಗುಡಿ ಆರಿಸಿದರೆ ಎಲ್ಲ ಕಾರ್ಡೂ ಬಸವನಗುಡಿಯದ್ದೇ ತೋರಿಸಬೇಕು. ಅದನ್ನು ಬ್ರೌಸರಿನಲ್ಲೇ ನೋಡಬೇಕು, ಅದಕ್ಕೆ ಐದು ಪರೀಕ್ಷೆ ಉಳಿಸಿಕೊಂಡಿದ್ದೇವೆ. ಪೈಥಾನ್‌ನಲ್ಲೇ ಬರೆಯಬಹುದಾದ್ದರಿಂದ ನನಗೆ ಹೊಸ ಭಾಷೆ ಕಲಿಯುವ ತಾಪತ್ರಯವಿಲ್ಲ. ಮೆಟಾಬೇಸ್‌ನಂಥದ್ದೇ ಇನ್ನೊಂದು ಸಾಧನವಾದ ಸೂಪರ್‌ಸೆಟ್ ಬಳಸುವವರು ಮಾತ್ರ ಒಂದು ಗಮನಿಸಿ: ಅಲ್ಲಿ ಹೆಚ್ಚಿನ ಚಾರ್ಟುಗಳು ಕ್ಯಾನ್ವಾಸ್ ಮೇಲೆ ಬಿಡಿಸಿದ ಚಿತ್ರಗಳು, ಕಂಬದ ಮೇಲಿನ ಅಂಕಿ ಪಠ್ಯವಾಗಿ ಓದಲು ಸಿಗುವುದಿಲ್ಲ.

ದಿನವಿಡೀ ಎಸ್‌ಕ್ಯೂಎಲ್ ಬರೆಯುವವಳಾದ್ದರಿಂದ ತಾಳೆಯ ದಾರಿ ನನ್ನ ಕೈಗೆ ಒಗ್ಗಿತು. ಡ್ಯಾಶ್‌ಬೋರ್ಡನ್ನೇ ಗ್ರಾಹಕರಿಗೆ ಮಾರುವವರಿಗೆ ಚಿತ್ರ ಹೋಲಿಕೆಯೂ ಬೇಕಾದೀತು. ನಮ್ಮದನ್ನು ನೋಡುವವರು ಒಳಗಿನ ಜನ. ಬಣ್ಣ ಕೆಟ್ಟರೆ ಅವರೇ ಕೂಗಿ ಹೇಳುತ್ತಾರೆ, ಲೆಕ್ಕ ಕೆಟ್ಟರೆ ನಂಬಿಬಿಡುತ್ತಾರೆ. ಚಂದಾ ನವೀಕರಿಸಲಿಲ್ಲ. ತಾಳೆಯ ವರದಿ ಈಗ ಬೆಳಿಗ್ಗೆ 9ಕ್ಕೆ ನಮ್ಮಿಬ್ಬರ ಜೊತೆ ಅಕೌಂಟ್ಸ್‌ನ ಆ ಹಿರಿಯರಿಗೂ ಹೋಗುತ್ತದೆ. ಕೇಳಿ ಹಾಕಿಸಿಕೊಂಡವರು ಅವರೇ.