ಪಿಐಬಿ ಫ್ಯಾಕ್ಟ್ ಚೆಕ್: ಸುತ್ತೋಲೆ ಅಸಲಿಯೋ ನಕಲಿಯೋ ಕೇಳಿ, ನ್ಯಾಯ ಕೇಳಬೇಡಿ

ಮೂರು ಕೆಂಪು ಟಿಕ್ ಬಂದರೆ ಕೋರ್ಟ್ ನೋಟಿಸ್ ಬಂತೆಂದೇ ತಿಳಿಯಿರಿ ಎನ್ನುವ ಮೆಸೇಜು ಫ್ಯಾಮಿಲಿ ಗ್ರೂಪುಗಳಿಗೆ ಊರ ಜಾತ್ರೆಯ ಹಾಗೆ ಮತ್ತೆ ಮತ್ತೆ ಬರುತ್ತದೆ. ವಾಟ್ಸಾಪ್‌ನಲ್ಲಿ ಕೆಂಪು ಟಿಕ್ಕೇ ಇಲ್ಲ. ಬೂದು ಬಣ್ಣದ್ದು ಒಂದಿದ್ದರೆ ಮೆಸೇಜು ಹೋಗಿದೆ, ಎರಡಿದ್ದರೆ ತಲುಪಿದೆ, ಎರಡೂ ನೀಲಿಯಾದರೆ ಓದಿದ್ದಾರೆ. ಸರ್ಕಾರ ನಿಮ್ಮ ಮೆಸೇಜು ನೋಡುತ್ತಿದೆ ಎಂಬ ಈ ಸುಳ್ಳಿನ ಮೇಲೆ ಸರ್ಕಾರದ್ದೇ ಪಿಐಬಿ ಫ್ಯಾಕ್ಟ್ ಚೆಕ್ 2020ರಲ್ಲೇ ‘ಫೇಕ್’ ಎಂದು ಕೆಂಪು ಮೊಹರು ಒತ್ತಿತು. ಮೆಸೇಜು ಮಾತ್ರ ಇನ್ನೂ ಓಡಾಡಿಕೊಂಡಿದೆ.

ಕೇಂದ್ರದ ಪ್ರೆಸ್ ಇನ್ಫರ್ಮೇಶನ್ ಬ್ಯೂರೋ 2019ರ ನವೆಂಬರ್‌ನಲ್ಲಿ ಶುರು ಮಾಡಿದ ಘಟಕ ಇದು. ದುಡ್ಡು ಕೊಡಬೇಕಿಲ್ಲ, ಬೇರೆ ಆ್ಯಪ್ ಹಾಕಿಕೊಳ್ಳಬೇಕಿಲ್ಲ. 87997 11259 ನಂಬರ್ ಸೇವ್ ಮಾಡಿಕೊಂಡು ಅನುಮಾನ ಬಂದದ್ದನ್ನು ವಾಟ್ಸಾಪ್ ಮಾಡಿದರಾಯಿತು. ಇಮೇಲ್ ಮತ್ತು ವೆಬ್ ಪೋರ್ಟಲ್ ಕೂಡ ಇವೆ. ಕಳಿಸುವುದರಲ್ಲಿ ಸ್ವಲ್ಪ ಜಾಣತನ ಬೇಕು. ಬರೀ ಫಾರ್ವರ್ಡ್ ಒತ್ತಿ ಸುಮ್ಮನಾಗಬೇಡಿ. ಸ್ಕ್ರೀನ್‌ಶಾಟ್, ಮೂಲ ಲಿಂಕ್, ಜೊತೆಗೆ ‘ಈ ಸುತ್ತೋಲೆ ಇಂಥ ಇಲಾಖೆಯದೇ?’ ಎಂದು ಒಂದು ಸಾಲು. ಒಂದು ಮೆಸೇಜಿಗೆ ಒಂದೇ ಪ್ರಶ್ನೆ. ಚಿತ್ರದಲ್ಲಿ ಆಧಾರ್ ಸಂಖ್ಯೆಯೋ ಖಾತೆ ಸಂಖ್ಯೆಯೋ ಇದ್ದರೆ ಮೊದಲು ಅಳಿಸಿ.

ಇವರು ನೋಡುವುದು ಕೇಂದ್ರ ಸರ್ಕಾರದ ಸಚಿವಾಲಯ, ಇಲಾಖೆ, ಸಾರ್ವಜನಿಕ ಉದ್ದಿಮೆಗಳಿಗೆ ಸಂಬಂಧಪಟ್ಟದ್ದನ್ನು ಮಾತ್ರ. ಗೃಹಲಕ್ಷ್ಮಿ ಕಂತು ನಿಂತುಹೋಯಿತಂತೆ, ಬಿಪಿಎಲ್ ಕಾರ್ಡ್ ರದ್ದಾಯಿತಂತೆ ಎಂಬ ಗಾಳಿಸುದ್ದಿಗೆ ಇಲ್ಲಿ ಉತ್ತರ ಹುಟ್ಟುವುದಿಲ್ಲ. ಅದು ರಾಜ್ಯದ ಇಲಾಖೆಗಳ ಬಾಗಿಲು. ಬಹಳ ಜನ ಎಡವುವುದು ಇಲ್ಲೇ: ಎಲ್ಲವನ್ನೂ ಒಂದೇ ನಂಬರಿಗೆ ಸುರಿದು, ಉತ್ತರ ಬರಲಿಲ್ಲ ಎಂದು ಬೈಯುತ್ತಾರೆ.

ಈ ಸೇವೆ ನಿಜಕ್ಕೂ ಕೈಹಿಡಿಯುವುದು ಯೋಜನೆ, ನೇಮಕಾತಿ, ಸಾಲದ ಹೆಸರಿನ ನಕಲಿ ಕಾಗದಗಳಲ್ಲಿ. ಮುದ್ರಾ ಸಾಲ ಮಂಜೂರಾಗಿದೆ ಎನ್ನುವ ಪತ್ರವನ್ನೇ ನೋಡಿ. ಮೇಲೆ ಸಿಂಹಲಾಂಛನ, ಕೆಳಗೆ ಸೀಲು, ವಕ್ರ ಸಹಿ, ನಡುವೆ ಮೆತ್ತಗೆ ಒಂದು ಸಾಲು: ಇಷ್ಟು ಸಾವಿರ ಶುಲ್ಕ ಮೊದಲು ಕಟ್ಟಿ. ಮೋಸವೆಲ್ಲ ಆ ಒಂದು ಸಾಲಿನಲ್ಲಿದೆ. ಮುದ್ರಾ ಸಂಸ್ಥೆ ಯಾರಿಗೂ ನೇರವಾಗಿ ಸಾಲ ಕೊಡುವುದಿಲ್ಲ. ಕೊಡುವುದು ಬ್ಯಾಂಕು, ಕಿರುಸಾಲ ಸಂಸ್ಥೆಗಳು. ಇಂಥ ಪತ್ರಗಳಿಗೆ ಪಿಐಬಿ ಹಲವು ಸಲ ಮೊಹರು ಒತ್ತಿದೆ, ಹಾಗಾಗಿ ಹೊಸದಾಗಿ ಕಳಿಸುವ ಮುಂಚೆ ಅವರ ಎಕ್ಸ್ ಖಾತೆಯಲ್ಲಿ ಯೋಜನೆಯ ಹೆಸರು ಹಾಕಿ ಹುಡುಕುವುದು ಬೇಗದ ದಾರಿ. ಗ್ರೂಪಿನಲ್ಲಿ ಬಂದ ‘ಫೇಕ್’ ಮೊಹರಿನ ಚಿತ್ರವನ್ನೇ ನಂಬಿಬಿಡಬೇಡಿ. ಅದನ್ನೂ ಫೋಟೊ ಎಡಿಟರ್‌ನಲ್ಲಿ ಯಾರು ಬೇಕಾದರೂ ಒತ್ತಬಹುದು.

ಉತ್ತರಗಳ ಗುಣಮಟ್ಟ ಒಂದೇ ಸಮ ಇಲ್ಲ. 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ದಿನಗಳಲ್ಲಿ, ಗುಜರಾತಿನ ಹಜೀರಾ ಬಂದರಿನ ಮೇಲೆ ದಾಳಿ ಎಂಬ ವಿಡಿಯೊ ಹರಿದಾಡಿತು. ಅದು ತೈಲ ಟ್ಯಾಂಕರ್ ಸ್ಫೋಟದ ದೃಶ್ಯ, 2021ರ ಜುಲೈ 7ರದು ಎಂದು ಘಟಕ ದಿನಾಂಕ ಸಮೇತ ತೋರಿಸಿತು. ಫ್ಯಾಕ್ಟ್ ಚೆಕ್ ಅಂದರೆ ಹೀಗಿರಬೇಕು. ಓದಿದವರು ತಾವೇ ತಾಳೆ ನೋಡಬಹುದು. ಉಳಿದ ಎಷ್ಟೋ ಪೋಸ್ಟುಗಳಲ್ಲಿ ಇರುವುದು ‘ಸರ್ಕಾರ ಇಂಥ ಘೋಷಣೆ ಮಾಡಿಲ್ಲ’ ಎಂಬ ಒಂದೇ ಸಾಲು. ದಾಖಲೆಯಿಲ್ಲ, ಲಿಂಕ್ ಇಲ್ಲ. ನಾವು ಹೇಳಿದೆವು, ನೀವು ನಂಬಿ ಎಂಬ ಧಾಟಿ.

ಆ ಧಾಟಿ ಮುಗ್ಗರಿಸಿದ್ದೂ ಇದೆ. ಚೀನಾ ಆ್ಯಪ್‌ಗಳನ್ನು ಫೋನಿನಿಂದ ತೆಗೆಯಿರಿ ಎಂದು ಉತ್ತರ ಪ್ರದೇಶ ಪೊಲೀಸರ ವಿಶೇಷ ಕಾರ್ಯಪಡೆ ಎಸ್‌ಟಿಎಫ್ 2020ರ ಜೂನ್‌ನಲ್ಲಿ ತನ್ನ ಸಿಬ್ಬಂದಿಗೆ ಹೊರಡಿಸಿದ ಆದೇಶವನ್ನು ಘಟಕ ನಕಲಿ ಎಂದಿತು. ಆದೇಶ ನಮ್ಮದೇ ಎಂದು ಎಸ್‌ಟಿಎಫ್‌ನವರೇ ಹೇಳಬೇಕಾಯಿತು. ಕೇಂದ್ರಕ್ಕೆ ಸೇರದ ಕಾಗದಕ್ಕೆ ಕೈಹಾಕಿ, ಬರೆದವರನ್ನೇ ಕೇಳದೆ ಮೊಹರು ಒತ್ತಿದರೆ ಇನ್ನೇನಾಗುತ್ತದೆ?

ಸುಳ್ಳು ಸುತ್ತೋಲೆಯ ವಿಷಯ ಬೇರೆ, ಸರ್ಕಾರದ ಮೇಲಿನ ಟೀಕೆಯ ವಿಷಯ ಬೇರೆ. ಎರಡನೆಯದರಲ್ಲಿ ಕಕ್ಷಿದಾರನೇ ನ್ಯಾಯಾಧೀಶ. 2023ರ ಏಪ್ರಿಲ್‌ನ ಐಟಿ ನಿಯಮ ತಿದ್ದುಪಡಿ ಈ ಮೊಹರಿಗೆ ಹಲ್ಲು ಕೊಡಲು ಹೊರಟಿತ್ತು: ಘಟಕ ಸುಳ್ಳೆಂದದ್ದನ್ನು ಉಳಿಸಿಕೊಂಡ ಜಾಲತಾಣ, ಬಳಕೆದಾರರು ಹಾಕಿದ್ದಕ್ಕೆ ತಾನು ಹೊಣೆಯಲ್ಲ ಎಂದು ಐಟಿ ಕಾಯ್ದೆಯ 79ನೇ ಸೆಕ್ಷನ್ ಕೊಡುವ ರಕ್ಷಣೆ ಕಳೆದುಕೊಳ್ಳುವ ಅಪಾಯವಿತ್ತು. 2024ರ ಮಾರ್ಚ್ 20ರಂದು ಪಿಐಬಿ ಘಟಕವನ್ನೇ ಈ ಕೆಲಸಕ್ಕೆ ಹೆಸರಿಸಿ ಅಧಿಸೂಚನೆ ಬಂತು, ಮರುದಿನವೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಹಾಸ್ಯಗಾರ ಕುನಾಲ್ ಕಾಮ್ರಾ ಮತ್ತಿತರರ ಅರ್ಜಿಯಲ್ಲಿ ಬಾಂಬೆ ಹೈಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಬೇರೆಬೇರೆಯಾಗಿದ್ದರಿಂದ ಪ್ರಕರಣ ಮೂರನೆಯವರ ಮುಂದೆ ಹೋಯಿತು. ಸೆಪ್ಟೆಂಬರ್ 20ರಂದು ಅವರು ‘ಫೇಕ್’, ‘ಮಿಸ್‌ಲೀಡಿಂಗ್’ ಪದಗಳಿಗೆ ಸರಿಯಾದ ವ್ಯಾಖ್ಯೆಯೇ ಇಲ್ಲ ಎಂದು ತಿದ್ದುಪಡಿಯ ವಿರುದ್ಧ ನಿಂತರು. ಹಾಗಾಗಿ ಮೊಹರಿಗೆ ಕಾನೂನಿನ ಹಲ್ಲು ಬರಲಿಲ್ಲ. ಅದು ಬಿದ್ದ ಮಾತ್ರಕ್ಕೆ ಪೋಸ್ಟ್ ತಾನಾಗಿ ಅಳಿಯುವುದಿಲ್ಲ. ಅದೇ ಕಾಯ್ದೆಯ 69ಎ ಸೆಕ್ಷನ್ನಿನಡಿ ಬ್ಲಾಕ್ ಮಾಡುವುದು, ಕೇಂದ್ರದ ‘ಸಹಯೋಗ್’ ಪೋರ್ಟಲ್ ಮೂಲಕ ತೆಗೆಯಲು ಹೇಳುವುದು ಬೇರೆಯೇ ದಾರಿಗಳು. ಸಹಯೋಗ್ ವಿರುದ್ಧದ ಎಕ್ಸ್ ಕಂಪನಿಯ ಅರ್ಜಿಯನ್ನು ನಮ್ಮ ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು.

ಕನ್ನಡಿಗರಿಗೆ ಇನ್ನೊಂದು ತೊಡಕು: ಪೋಸ್ಟುಗಳು ಹೆಚ್ಚಾಗಿ ಇಂಗ್ಲಿಷ್, ಹಿಂದಿಯಲ್ಲೇ. ಸುಳ್ಳು ಮಾತ್ರ ಅಚ್ಚ ಕನ್ನಡದಲ್ಲಿ ಬರುತ್ತದೆ. ಸೇವೆಯಲ್ಲಿ ನಮಗೆ ಕಂಡ ದೊಡ್ಡ ಕೊರತೆ ಇದು.

ಕೊನೆಗೆ ದುಡ್ಡಿನ ವಿಷಯ. ಲಿಂಕ್ ಒತ್ತಿಯಾಗಿದೆ, ಖಾತೆಯಿಂದ ಹಣ ಹೋಗಿದೆ ಎಂದಾದರೆ ಈ ನಂಬರಿಗೆ ಸ್ಕ್ರೀನ್‌ಶಾಟ್ ಕಳಿಸುತ್ತ ಕೂರಬೇಡಿ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಬ್ಯಾಂಕಿಗೆ. ಹಣ ಇನ್ನೊಂದು ಖಾತೆಗೆ ದಾಟುವ ಮುಂಚೆ ತಡೆಹಿಡಿಯಲು ಅಲ್ಲಿ ಅವಕಾಶವಿದೆ. ಫ್ಯಾಕ್ಟ್ ಚೆಕ್‌ನವರ ಬಳಿ ಆ ಅಧಿಕಾರವಿಲ್ಲ.